ಉಡಿಯೊಳಗಿನ ಬಡ್ತಿ

ನಮ್ಮ ಸಾಲಿ ಗಣಿತ ಟೀಚರ್ ಮಹಾನಂದಾನ ಹೆಸರು ಹೆಡ್ ಮೇಡಂ ಬಡ್ತಿ ಪಟ್ಟಿದಾಗ ಬಂದದ ಅಂತ ಗೊತ್ತಾದ ದಿವಸ ನನಗ ಆದ ಖುಷಿ ಅಷ್ಟಿಷ್ಟಲ್ಲ. ಅಕಿಗಿ ಕೊಡಾಕ ಮನಿಯಾಗ ರವಕಿ ಹೊಲಿಸಾಕ ಒಂದು ಛಲೋ ಜಂಪರ್ ಪೀಸ್ ಇದ್ರ ನೋಡಬೇಕಂತ ಅವ್ವನ ಸಂದೂಕ ತೆಗದೆ. ತೆಗೀಬಾರದಿತ್ತು. ಮಧ್ಯಾಹ್ನ ತೆಗದಾಕಿ ಸಂಜಿ ದೀಪ ಹಚ್ಚೂತನಕ ಅಲ್ಲೇ ಕುಂತೆ. ಅನ್ನಕ್ಕ ಇಟ್ಟ ಕುಕ್ಕರು ಒದರಿ ಒದರಿ ತಾನೇ ಸುಮ್ಮನಾತು.

ನಿಮ್ಮ ಮನಿಯಾಗೂ ಇಂಥಾದೊಂದು ಇರ್ತದ, ಇಲ್ಲ ಅನಬ್ಯಾಡ್ರಿ. ಸಂದೂಕ ಇಲ್ಲಂದ್ರ ಅಲ್ಮಾರಿ, ಅಲ್ಮಾರಿ ಇಲ್ಲಂದ್ರ ಮಂಚದ ತೆಳಗಿನ ಗಂಟು. ಲಗ್ನ, ಕುಬಸ, ತೊಟ್ಟಿಲು, ಮನಿಶಾಂತಿ, ಎಲ್ಲಿಗಿ ಹೋದ್ರೂ ಉಡಿ ತುಂಬತಾರ. ಜ್ವಾಳ, ಉತ್ತತ್ತಿ, ಅಡಕಿ, ಅರಿಷಿಣ ಬೇರು, ಕೊಬ್ಬರಿ ಬಟ್ಟಲ, ಅದರ ಮ್ಯಾಲ ಒಂದು ಜಂಪರ್ ಪೀಸು. ಜ್ವಾಳ ರೊಟ್ಟಿ ಆಗ್ತದ, ಕೊಬ್ಬರಿ ಹಿಂಡಿ ಆಗ್ತದ. ಪೀಸು ಮಾತ್ರ ಎಂದೂ ಜಂಪರ್ ಆಗಂಗಿಲ್ಲ. ಯಾವ ಸೀರಿಗೂ ಕೂಡಂಗಿಲ್ಲ, ಬೆವರು ಹೀರಂಗಿಲ್ಲ. ನನ್ನಂಥ ಗಾತ್ರದಾಕಿಗಿ ಒಂದು ತೋಳಿಗಿ ಸಾಲ್ತದ, ಇನ್ನೊಂದು ತೋಳಿಗಿ ಮತ್ಯಾರದರೆ ಲಗ್ನ ಬರೂತನಕ ಕಾಯಬೇಕು. ಹಿಂಗಾಗಿ ಅದು ಮುಂದಿನ ಉಡಿಗಿ ಹೋಗ್ತದ, ಅಲ್ಲಿಂದ ಅದರ ಮುಂದಿನದಕ್ಕ. ಅದಕ್ಕ ಹೊಲಿಗಿ ಭಾಗ್ಯ ಇಲ್ಲ, ತಿರುಗಾಟ ಮಾತ್ರ ಅದ.

ನಾ ಹುಟ್ಟಿದ್ದು ಬಸವಕಲ್ಯಾಣದಾಗ. ಅವ್ವ ಈ ವ್ಯವಹಾರದಾಗ ಭಾಳ ಹುಷಾರು. ಸಂದೂಕದಾಗ ಎಡಕ್ಕ ‘ಕೊಡಾವು’, ಬಲಕ್ಕ ‘ನೋಡಿ ಕೊಡಾವು’. ‘ಹಾಕ್ಕೊಳ್ಳಾವು’ ಅಂತ ಇನ್ನೊಂದು ಇರಲೇ ಇಲ್ಲ. ನಾ ಸಣ್ಣಾಕಿದ್ದಾಗ ಒಂದ್ಸಲ ಅಭ್ಯಾಸ ಮಾಡಕೋತ ಕುಂತಾಕಿ ಒಂದು ಗಿಣಿಹಸಿರು ಪೀಸಿನ ಅಂಚಿಗಿ ಶಾಯಿ ಚೆಲ್ಲಿದೆ. ಅವ್ವ ಬೆನ್ನಿಗಿ ಎರಡೇಟು ಕೊಟ್ಟು, ಕಲಿ ಒಳಗ ಬರೂ ಹಂಗ ಪೀಸು ಮಡಚಿ, ಬೇಮಳಖೇಡದ ನಮ್ಮ ದೊಡ್ಡವ್ವನ ಉಡಿಗಿ ಹಾಕಿಬಿಟ್ಳು. ಎಷ್ಟೋ ವರ್ಷ ಆದಮ್ಯಾಲ ನಿರ್ಣಾದಾಗ ಯಾರದೋ ತೊಟ್ಟಿಲಿಗಿ ಹೋದಾಗ ಅವ್ವನ ಉಡಿಯಾಗ ಒಂದು ಗಿಣಿಹಸಿರು ಪೀಸು ಬಂತು. ಮನಿಗಿ ಬಂದು ಬಿಚ್ಚಿದ್ರ, ಅಯ್ಯ ಶಿವನ, ನನ್ನ ಶಾಯಿ! ಅವ್ವಗ ನಾಚಿಕಿ ಆಗಲಿಲ್ಲ, ನಗೀನೂ ಬರಲಿಲ್ಲ. “ನಮ್ಮದು ನಮ್ಮ ಮನಿಗಿ ಬಂತು, ಯಾರಪ್ಪಂದೇನ್ ಹೋತು?” ಅಂದು ಮತ್ತ ಮಡಚಿ ಎಡಕ್ಕ ಇಟ್ಳು.

ಈಗ ಅವ್ವ ಇಲ್ಲ. ಅವ್ವನ ಪೀಸಿನ ಮ್ಯಾಲ ನನ್ನವು ಬಂದು ಕುಂತಾವ. ಅದರಾಗ ನೇರಳಿ ಬಣ್ಣದ್ದೊಂದು ಅದ, ಜರಿ ಅಂಚಿಂದು, ಖರೇವಂದ್ರ ಛಲೋದು. ಮಹಾನಂದಾಗ ಕೊಡಾಕ ಅದೇ ಕೈಗಿ ಬಂತು. ಕೈಯಾಗ ಹಿಡಕೊಂಡು ಕುಂತೆ, ಕೊಡಾಕ ಮನಸಾಗಲಿಲ್ಲ. ಅದನ್ನ ತೊಗೊಂಡು ನಾ ನನ್ನ ಮೊದಲನೇ ಬಡ್ತಿ ಬಿಟ್ಟುಕೊಟ್ಟಾಕಿ.

ಅದು ಹ್ಯಾಂಗಂತ ಹೇಳ್ತೀನಿ. ಆವಾಗ ನಾ ಹುಮನಾಬಾದ್‌ನಾಗ ಒಂದು ಹೈಸ್ಕೂಲಿಗಿ ಕನ್ನಡ ಟೀಚರ್. ನಮ್ಮ ಮನಿಯವ್ರದು ಅದೇ ಊರಾಗ ಕಿರಾಣಿ ಅಂಗಡಿ. ಚನ್ನಬಸಪ್ಪ ಸರ್ ಅಂತ ನಮ್ಮ ಜೋಡಿ ಸೈನ್ಸ್ ಹೇಳೋರು, ಸರ್ವಿಸಿನಾಗ ನನಗಿಂತ ತೆಳಗ. ಮನುಷ್ಯ ಕೆಟ್ಟವ್ರಲ್ಲ. ಮೊದಲನೇ ದಿನದಿಂದ ನನಗ ‘ಅಕ್ಕಾ’ ಅಂದೋರು. ಆ ವರ್ಷ ಹೆಡ್‌ಮಾಸ್ತರ್ ಬಡ್ತಿಗಿ ನನ್ನ ಹೆಸರು ಬಂತು, ನನ್ನ ಬೆನ್ನಿಗೇ ಅವ್ರದು. ಮ್ಯಾಲಿನವ್ರು ಒಬ್ಬರು ಬ್ಯಾಡ ಅಂತ ಬರದು ಕೊಟ್ರ ತೆಳಗಿನವ್ರ ನಂಬರ್ ಹತ್ತತದ. ಇದು ಎಲ್ಲಾ ಮಾಸ್ತರಗೋಳಿಗೂ ಗೊತ್ತಿದ್ದ ಮಾತು.

ಒಂದು ಶುಕ್ರವಾರ ಸಂಜಿಗಿ ಗಂಡ ಹೆಂಡತಿ ಇಬ್ಬರೂ ನಮ್ಮ ಮನಿಗಿ ಬಂದ್ರು. ಅವ್ರ ಹೆಂಡತಿ ನೀಲಮ್ಮನ ಕೈಯಾಗ ತಾಟು, ತಾಟಿನ ಮ್ಯಾಲ ಕಸೂತಿ ರುಮಾಲ.

“ಬರ್ರಿ ಬರ್ರಿ, ಏನ್ ವಿಶೇಷ?” ಅಂದೆ.

“ಏನಿಲ್ರಿ ಅಕ್ಕೋರೆ, ನಿಮಗ ಉಡಿ ತುಂಬಬೇಕಂತ ಭಾಳ ದಿವಸದಿಂದ ಮನಸಿನಾಗ ಇತ್ತು,” ಅಂದ್ಳು ನೀಲಮ್ಮ.

ನನಗ ಏನ್ ತಿಳೀಬೇಕು? ಹಿಗ್ಗಿಲೇ ಕಟಗಿ ಮಣಿ ಹಾಕಿ ಅದರ ಮ್ಯಾಲ ಕುಂತು ಸೆರಗು ಒಡ್ಡಿದೆ. ಅಕಿ ಕುಂಕುಮ ಹಚ್ಚಿದ್ಳು, ಬೊಗಸಿ ತುಂಬ ಜ್ವಾಳ ಹಾಕಿದ್ಳು, ಕೊಬ್ಬರಿ ಇಟ್ಳು, ನೇರಳಿ ಪೀಸು ಇಟ್ಳು, ಕಾಲಿಗಿ ಬಿದ್ಳು. ಎಲ್ಲಾ ಆದಮ್ಯಾಲ, ನಾ ಇನ್ನಾ ಮಣಿ ಮ್ಯಾಲೇ ಇದ್ದಾಗ, ಚನ್ನಬಸಪ್ಪ ಸರ್ ಬಾಯಿ ತೆರದ್ರು.

“ಅಕ್ಕಾ, ಈ ಸಲ ನೀವು ಬಿಟ್ಟುಕೊಟ್ರ ನಂದು ನಂಬರ್ ಹತ್ತತದ್ರಿ. ನಿಮಗೇನ್ರಿ ಅವಸರ? ಅಣ್ಣಾರ ಕಿರಾಣಿ ಅಂಗಡಿ ನಡದದ. ಎಲ್ಲೋ ಹಳ್ಳಿಗಿ ಹೋಗಿ ಯಾಕ ತಕಲೀಫ್ ಪಡ್ತೀರಿ? ಈ ತಮ್ಮಗ ಒಂದು ದಾರಿ ಆಗ್ಲಿ.”

ಉಡಿ ತುಂಬಿಸಿಕೊಂಡು ಕುಂತಾಕಿ ಹ್ಯಾಂಗ ಇರ್ತಾಳ, ಜರಾ ವಿಚಾರ ಮಾಡ್ರಿ. ಎರಡೂ ಕೈಲೆ ಸೆರಗು ಹಿಡಕೊಂಡಿರ್ತಾಳ. ಕೈ ಬಿಟ್ರ ಜ್ವಾಳ ನೆಲಕ್ಕ. ಎದ್ದು ನಿಲ್ಲಾಕ ಬರಂಗಿಲ್ಲ, ಕೈ ಅಲ್ಲಾಡಿಸಿ ಬ್ಯಾಡ ಅನ್ನಾಕ ಬರಂಗಿಲ್ಲ. ಕ್ಲಾಸಿನಾಗ ನನ್ನ ದನಿ ಕೇಳಿದ್ರ ಬಾಜೂ ಕ್ಲಾಸಿನ ಹುಡುಗರೂ ಸುಮ್ಮನಾಗ್ತಾರ. ಅವತ್ತು ಆ ದನಿ ಎಲ್ಲಿಗಿ ಹೋಗಿತ್ತೋ ಏನೋ. “ನೋಡೋಣ್ರಿ ಸರ್” ಅಂದೆ. ನಮ್ಮ ಕಡಿ ನೋಡೋಣ ಅಂದ್ರ ಆತು ಅಂತ ಅರ್ಥ. ನಮ್ಮ ಮನಿಯವ್ರು ಬಾಗಲದಾಗ ನಿಂತು, “ಆತ್ ಬಿಡ್ರಿ ಸರ, ನಮ್ಮವರೇ ಅಲ್ಲೇನು” ಅಂತ ಅಂದುಬಿಟ್ರು. ಮುಗೀತು ಮಾತು. ಕೌಟುಂಬಿಕ ಕಾರಣಗಳಿಂದ ಬಡ್ತಿ ಬೇಡ ಅಂತ ಬರದು ಕೊಟ್ಟೆ. ಕನ್ನಡ ಟೀಚರ್ ಅಲ್ಲೇನ್ರಿ, ಒಂದು ಒತ್ತಕ್ಷರ ತಪ್ಪಿರಲಿಲ್ಲ.

ಇದು ನನಗೊಬ್ಬಾಕಿಗೇ ಆದದ್ದು ಅಂತ ಭಾಳ ದಿವಸ ತಿಳಕೊಂಡಿದ್ದೆ. ಆಮ್ಯಾಲ ಟ್ರೈನಿಂಗ್‌ನಾಗ, ಪರೀಕ್ಷಾ ಡ್ಯೂಟಿದಾಗ ಕಲ್ಯಾಣ, ಚಿಟಗುಪ್ಪ ಕಡಿ ಟೀಚರ್‌ಗೋಳು ಕೂಡಿದಾಗ ಮಾತಿಗಿ ಮಾತು ಬಂದು ಗೊತ್ತಾತು. ಒಬ್ಬಾಕಿಗಿ ಹಳದಿ ಪೀಸು, ಒಬ್ಬಾಕಿಗಿ ಕೆಂಪು. ಒಬ್ಬಾಕಿಗಂತೂ ಇಲಕಲ್ ಸೀರೀನೇ ಬಂದಿತ್ತು. ಅಕಿ ಅದನ್ನ ಉಟ್ಟಕೊಂಡೇ ಬಂದಿದ್ಳು ಪಾಪ, “ಬಡ್ತಿ ಸೀರಿ” ಅಂತ ತಾನೇ ತೋರಸಾಕತ್ತಿದ್ಳು. ಗಂಡಸರಿಗಿ ಈ ತ್ರಾಸ ಇಲ್ಲ. ಗಂಡಸಿಗಿ ಬಡ್ತಿ ಬಿಡು ಅಂತ ಕೇಳಬೇಕಂದ್ರ ಏನ್ ತುಂಬತೀರಿ? ಅಂಗಿ ಕಿಸೇದಾಗ ಜ್ವಾಳ ಹಾಕಾಕ ಬರ್ತದೇನು?

ಚನ್ನಬಸಪ್ಪ ಸರ್ ನಮ್ಮ ಸಾಲಿಗೇ ಹೆಡ್‌ಮಾಸ್ತರ್ ಆಗಿ ಕುಂತ್ರು. ಕುಂತ ಮ್ಯಾಲೂ ‘ಅಕ್ಕಾ’ ಅನ್ನೋದು ಬಿಡಲಿಲ್ಲ. “ಅಕ್ಕಾ, ಈ ಪತ್ರ ಜರಾ ಬರದು ಕೊಡ್ರಿ. ಅಕ್ಕಾ, ಎಸ್ಸೆಸ್ಸೆಲ್ಸಿ ಹುಡುಗರ ಸಂಜಿ ಕ್ಲಾಸು ಜರಾ ನೋಡಕೋರಿ. ಅಕ್ಕಾ, ಬಿಸಿಯೂಟದ ಬ್ಯಾಳಿ ಬಂದದ, ಜರಾ ನಿಂತು ತೂಗಸ್ರಿ.” ಈ ಜರಾ ಜರಾ ಕೂಡಿದ್ರ ಒಂದು ಸಾಲಿ ಆಗ್ತದ ನೋಡ್ರಿ. ಸಾಲಿ ನಡಿಸಿದ್ದು ನಾ, ಸಹಿ ಮಾಡಿದ್ದು ಅವ್ರು. ಒಂದಿನ ನನಗ ಜ್ವರ ಬಂದಿತ್ತು, ಎರಡು ದಿವಸ ರಜಾ ಅರ್ಜಿ ಕೊಟ್ಟೆ. “ಅಕ್ಕಾ, ನೀವಿಲ್ಲಂದ್ರ ಹ್ಯಾಂಗ್ರಿ?” ಅಂತ ಮಾರಿ ಸಣ್ಣದು ಮಾಡಿ ಒಂದೇ ದಿವಸ ಮಂಜೂರ್ ಮಾಡಿದ್ರು.

ಎರಡನೇ ಸಲ ನಂಬರ್ ಬಂದಾಗ ಉಡಿ ತುಂಬೋರು ಯಾರೂ ಬೇಕಾಗಲಿಲ್ಲ. ನಮ್ಮ ಮನಿಯವ್ರ ಕಿಡ್ನಿ ಕೆಟ್ಟಿದ್ವು. ಅಂಗಡಿ ಮುಚ್ಚಿತು, ಕಲಬುರಗಿ ದವಾಖಾನಿಗಿ ಡಯಾಲಿಸಿಸ್ ಅಂತ ತಿರುಗಾಡೋದು ಶುರು ಆತು. ಅವ್ರು ಹಾಸಗಿ ಮ್ಯಾಲ ಮಲಗಿದಲ್ಲಿಂದ, “ನಿಂದು ಈ ಸಲಾನೂ ಹೋತಲ್ಲ ಜಗದೇವಿ,” ಅಂದ್ರು. ಮೊದಲನೇ ಸಲ ಬಾಗಲದಾಗ ನಿಂತು ತಾವು ಅಂದ ಮಾತು ಅವ್ರ ಮನಸಿನಾಗ ಇತ್ತು ಅಂತ ನನಗ ಆವಾಗ ತಿಳೀತು. “ಹೋಗ್ಲಿ ಬಿಡ್ರಿ, ನೀವು ಆರಾಮ ಆಗ್ರಿ” ಅಂದೆ. ಅವ್ರು ಉಳದಿದ್ರ ಇನ್ನಾ ಹತ್ತು ಬಡ್ತಿ ಬಿಡತಿದ್ದೆ. ಉಳೀಲಿಲ್ಲ. ಆ ವರ್ಷ ನಾ ಹ್ಯಾಂಗ ಕ್ಲಾಸು ತೊಗೊಂಡೀನಿ, ಏನ್ ಪಾಠ ಹೇಳೀನಿ, ಇವತ್ತಿಗೂ ನೆನಪಿಲ್ಲ.

ಅಲ್ಲಿಂದ ನನಗ ಉಡಿ ತುಂಬೋದು ನಿಂತಿತು. ನೀಲಮ್ಮನ ಮಗಳ ಲಗ್ನಕ್ಕ ಹೋಗಿದ್ದೆ. ಹೆಣ್ಣಮಕ್ಕಳು ಸಾಲಾಗಿ ಕುಂತಿದ್ವಿ. ತಾಟು ನನ್ನ ಬಲಗಡಿ ತನಕ ಬಂತು, ಅಲ್ಲಿಂದ ನನ್ನ ದಾಟಿ ಎಡಗಡಿಗಿ ಹೋತು. ನೀಲಮ್ಮ ಗಡಬಡಿಸಿ ಬಂದು ನನ್ನ ಕೈಯಾಗ ಒಂದು ಲಾಡು ಇಟ್ಟು, “ಊಟ ಮಾಡೇ ಹೋಗ್ಬೇಕ್ರಿ ಅಕ್ಕೋರೆ” ಅಂದ್ಳು. ಊಟ ಮಾಡಿ ಬಂದೆ. ಕಲ್ಯಾಣ ಅಂದ್ರ ಶರಣೆಯರು ಗಂಡಸರ ಸರಿಸಮ ಕುಂತು ಮಾತಾಡಿದ ನೆಲ, ಹೆಣ್ಣಿಗಿ ಸೂತಕ ಇಲ್ಲ ಅಂದ ನೆಲ ಅಂತ ಜಯಂತಿಗೊಮ್ಮೆ ಸ್ಟೇಜ್ ಮ್ಯಾಲ ಭಾಷಣ ಮಾಡಾಕಿ ನಾನೇ. ಮಂದಿ ಚಪ್ಪಾಳಿ ಹೊಡೀತಾರ. ಆಮ್ಯಾಲ ಹೆಣ್ಣಮಕ್ಕಳಿಗಿ ಕುಂಕುಮ ಕೊಡ್ತಾರ, ನನಗ ಹೂವಿನ ಗುಚ್ಛ ಕೊಡ್ತಾರ.

ಮೂರನೇ ಸಲ ನಂಬರ್ ಬಂತು. ಈ ಸಲಾನೂ ನನ್ನ ಬೆನ್ನಿಗಿ ಯಾರೋ ಒಬ್ಬ ತಮ್ಮ ಇದ್ದೇ ಇದ್ದ. ಶುಕ್ರವಾರ ಸಂಜಿಗಿ ನಾ ಬಾಗಲ ಕಡಿ ನೋಡಕೋತ ಕುಂತಿದ್ದೆ, ಸುಳ್ಳ್ಯಾಕ ಹೇಳ್ಲಿ. ಯಾರೂ ಬರಲಿಲ್ಲ. ಹ್ಯಾಂಗ ಬರ್ತಾರ? ಉಡಿ ತುಂಬದ ಕೇಳೂ ಪದ್ಧತಿ ಅವ್ರಿಗಿ ಗೊತ್ತಿಲ್ಲ, ಗಂಡ ಇಲ್ಲದಾಕಿಗಿ ಉಡಿ ತುಂಬೂ ಪದ್ಧತಿ ಊರಿಗೇ ಗೊತ್ತಿಲ್ಲ. ಈ ಎರಡರ ನಡುವಿನ ಸಂದಿಯಾಗ ತೂರಿ ನಾ ಹೆಡ್ ಮೇಡಂ ಆದೆ. ಇದನ್ನ ಒಂದ್ಸಲ ಸ್ಟಾಫ್ ರೂಮಿನಾಗ ಚಾಷ್ಟಿಗಿ ಹೇಳಿದೆ. ಯಾರೂ ನಗಲಿಲ್ಲ. ಮಹಾನಂದಾ ಡಬ್ಬಿ ಮುಚ್ಚಿಟ್ಟು ಕಣ್ಣು ಒರಸಿಕೊಂಡ್ಳು.

ನಾ ಹೆಡ್ ಆದ ಸಾಲಿ ಇರೋದು ಮುಡಬಿ ದಾಟಿ ಒಂದು ಹಳ್ಳಿದಾಗ, ಹೆಸರು ಬ್ಯಾಡ. ಹುಮನಾಬಾದ್‌ನಿಂದ ಕಲ್ಯಾಣಕ್ಕ ಬಸ್ಸು, ಕಲ್ಯಾಣದಿಂದ ಮುಂದ ಮೂರು ಗಾಲಿ ಟಂಟಂ. ಮಹಾನಂದಾನ ಅತ್ತಿಮನಿ ಕಲ್ಯಾಣದಾಗ, ಹಿಂಗಾಗಿ ಟಂಟಂನಾಗ ಇಬ್ಬರೂ ಜೋಡಿ. ನಾ ಸೇರಿದ ದಿವಸದ ಸುದ್ದಿ ಕೇಳ್ರಿ. ಆ ಊರಿಗಿ ಮೊದಲನೇ ಹೆಣ್ಣು ಹೆಡ್ ನಾನೇ ಅಂತ ಊರಿನ ನಾಕೈದು ಹೆಣ್ಣಮಕ್ಕಳು ತಲಿ ಮ್ಯಾಲ ಸೆರಗು ಹೊತ್ತು ಉಡಿ ತಾಟು ಹಿಡಕೊಂಡು ಸಾಲಿಗಿ ಬಂದ್ರು. ಎಂಥಾ ಪ್ರೀತಿ! ಮುಂದಿದ್ದ ಮುದುಕಿ ನನ್ನ ಮುಂದ ಬಂದು ಕುಂಕುಮಕ್ಕ ಬೆರಳು ಅದ್ದಿ, ನನ್ನ ಹಣಿ ನೋಡಿ, ಕೊಳ್ಳು ನೋಡಿ, ಹಂಗೇ ನಿಂತ್ಳು. ಬೆರಳಿನ ಕುಂಕುಮ ಎಲ್ಲಿ ಒರಸಬೇಕು ಅಂತ ಅಕಿಗಿ ತಿಳೀಲಿಲ್ಲ. ನನ್ನ ಬಾಜೂಕ ಮಹಾನಂದಾ ನಿಂತಿದ್ಳು. ಮುದುಕಿ ಅಕಿ ಹಣಿಗಿ ಹಚ್ಚಿಬಿಟ್ಳು. ನನ್ನ ಸಲುವಾಗಿ ಬಂದ ಜ್ವಾಳ, ಕೊಬ್ಬರಿ, ಪೀಸು ಎಲ್ಲಾ ಮಹಾನಂದಾನ ಸೆರಗಿಗಿ ಬಿತ್ತು. ಅಕಿ ಮಾರಿ ಬಿಳಚಿ ಹೋಗಿತ್ತು. ನಾನೇ ಚಪ್ಪಾಳಿ ಹೊಡದೆ. ಇನ್ನೇನ್ ಮಾಡ್ಲಿ ಹೇಳ್ರಿ?

ಸಂಜಿಗಿ ಟಂಟಂನಾಗ ಅಕಿ ಕೊಬ್ಬರಿ ಬಟ್ಟಲ ಒಡದು ಅರ್ಧ ನನ್ನ ಕೈಯಾಗ ಇಟ್ಟು, “ತಿನ್ರಿ ಮೇಡಂ, ಹಲ್ಲಿಗೇನೂ ಶಾಸ್ತ್ರ ಇಲ್ಲ” ಅಂದ್ಳು. ಅವತ್ತಿನಿಂದ ಅಕಿ ನನ್ನ ಮಗಳು.

ಸಾಲಿ ಹುಡುಗರು ಮೊದಮೊದಲು ನನಗ ‘ಹೆಡ್ ಸರ್’ ಅಂತಿದ್ವು. “ಹೆಡ್ ಸರ್ ಬಂದ್ರಲೇ, ಓಡ್ರಿ!” ಅಂತ ಸೀರಿ ಉಟ್ಟ ನನ್ನ ನೋಡೇ ಒದರತಿದ್ವು. ತಿದ್ದಿದ್ರ ‘ಹೆಡ್ ಸರ್ ಮೇಡಂ’ ಅಂತ ಶುರು ಮಾಡಿದ್ವು. ಬಿಟ್ಟುಬಿಟ್ಟೆ. ಕೆಲಸ ಮಾತ್ರ ಬರೋಬ್ಬರಿ ಮಾಡೀನಿ. ಹುಡುಗ್ಯಾರಿಗಿ ಬಾಗಲ ಇರೂ ಪಾಯಖಾನಿ ಆತು. ನಡುವೇ ಸಾಲಿ ಬಿಡೂ ಹುಡುಗ್ಯಾರ ಮನಿಗಿ ನಾನೂ ಮಹಾನಂದಾನೂ ಹೋಗಿ ಕುಂತು, ಜಗಳಾಡಿ ವಾಪಸ್ ಕರಕೊಂಡು ಬಂದೀವಿ. ಗಣಿತದಾಗ ಡುಮ್ಕಿ ಹೊಡಿಯೂ ಊರಾಗ ಅಕಿ ಕೈಯಾಗ ಕಲ್ತ ಹುಡುಗರು ಪಾಸಾಗಾಕತ್ತಾರ. ನನಗಿಂತ ಛಲೋ ಹೆಡ್ ಆಗ್ತಾಳ ಅಕಿ. ಇದನ್ನ ನಾ ಪ್ರೀತಿಗಿ ಹೇಳಾಕತ್ತಿಲ್ಲ, ಕಣ್ಣಿಲೆ ನೋಡಿ ಹೇಳಾಕತ್ತೀನಿ. ಸಣ್ಣ ವಯಸ್ಸು, ಈಗ ಹತ್ತಿದ್ರ ಮುಂದ ಇನ್ನಾ ಎಷ್ಟು ಮ್ಯಾಲ ಹೋಗಾಕಿ. ಅದಕ್ಕೇ ಅಕಿ ಹೆಸರು ಬಂತು ಅಂದಾಗ ನಾ ಸಣ್ಣ ಹುಡುಗಿ ಹಂಗ ಕುಣದಿದ್ದು.

ಒಂದು ಗುರುವಾರ ಟಂಟಂನಾಗ ಅಕಿ ಹೊರಗ ನೋಡಕೋತ ಅಂದ್ಳು, “ಮೇಡಂ, ನಾಳಿ ಸಂಜಿಗಿ ಸಂಜೀವ ಸರ್ ಮತ್ತ ಅವ್ರ ಮನಿಯವ್ರು ನಮ್ಮಲ್ಲಿ ಬರ್ತಾರಂತ್ರಿ.”

ಸಂಜೀವ ಸರ್ ಬ್ಯಾರೆ ಸಾಲಿಯವ್ರು. ಪಟ್ಟಿದಾಗ ಅಕಿ ತೆಳಗ ಇರೂ ಹೆಸರು ಅವ್ರದೇ.

“ಯಾಕಂತ?” ಅಂದೆ, ಗೊತ್ತಿದ್ದೂ.

“ಉಡಿ ತುಂಬಾಕಂತ್ರಿ. ಅತ್ತಿಯವ್ರು ಹೂಂ ಅಂದಾರ.”

“ನೀ ಏನ್ ಅಂದಿ?”

“ಮನಿಗಿ ಬರೋರಿಗಿ ಬರಬ್ಯಾಡ್ರಿ ಅನ್ನಾಕ ಬರ್ತದೇನ್ರಿ ಮೇಡಂ?”

ಮರುದಿವಸ ಟಂಟಂ ಇಳದು ನಾ ಬಸ್ ಸ್ಟ್ಯಾಂಡಿಗಿ ಹೋಗಲಿಲ್ಲ. “ನಿಮ್ಮ ಮನಿ ಚಾ ಕುಡ್ದು ಭಾಳ ದಿವಸ ಆತು” ಅಂತ ಅಕಿ ಸಂಗಟ ಹೊಂಟೆ. ಅಕಿ ನನ್ನ ಮಾರಿ ನೋಡಿ ಮುಂದ ನಡದ್ಳು. ಅತ್ತಿ ನನ್ನ ನೋಡಿ “ಬರ್ರಿ” ಅಂದ್ಳು, ಅನ್ನಬೇಕಲ್ಲ ಅಂತ. ಆಗಲೇ ಪಡಸಾಲ್ಯಾಗ ಮಣಿ ಹಾಕಿತ್ತು, ರಂಗೋಲಿ ಎಳದಿತ್ತು. ಮಹಾನಂದಾನ ಗಂಡ ಸಂಜೀವ ಸರ್ ಜೋಡಿ ಕುಂತು ಮಾತಾಡಾಕತ್ತಿದ್ದ. ಅವ್ರ ಹೆಂಡತಿ ತಾಟು ಹಿಡಕೊಂಡು ತಯಾರಾಗಿದ್ಳು. ನಾ ಹೋಗಿ ಮಣಿ ಬಾಜೂಕೇ ನೆಲಕ್ಕ ಕುಂತೆ. ಮಹಾನಂದಾ ಮಣಿ ಮ್ಯಾಲ ಕುಂತ್ಳು. ಅಕಿ ಮೊಣಕಾಲು ನನ್ನ ಮೊಣಕಾಲಿಗಿ ಹತ್ತಿತ್ತು.

ಆ ಹೆಣ್ಣಮಗಳು ತಾಟು ಹಿಡಕೊಂಡು ಬಂದು ನಿಂತ್ಳು. ನನ್ನ ನೋಡಿದ್ಳು, ಅತ್ತಿನ್ನ ನೋಡಿದ್ಳು. ನಾ ಗೋಡಿ ಮ್ಯಾಲಿನ ಕ್ಯಾಲೆಂಡರ್ ನೋಡಿದೆ.

“ಮೇಡಂ, ಒಳಗ ಫ್ಯಾನ್ ಅದ, ಆರಾಮ ಕುಂದರ್ತೀರೇನ್ರಿ?” ಅಂದ್ಳು ಅತ್ತಿ.

“ಇಲ್ಲೇ ತಂಪದ್ರಿ,” ಅಂದೆ.

“ಚಾ ಒಳಗೇ ಕೊಡ್ತೀನ್ರಿ.”

“ಇಲ್ಲೇ ಕೊಡ್ರಿ. ನಾ ಎಲ್ಲಿ ಹೋಗಾಕಿ?”

ಸಂಜೀವ ಸರ್ ಕೆಮ್ಮಿದ್ರು. ಅವ್ರ ಹೆಂಡತಿ ತಾಟು ಇಟ್ಟು ಕುಂತ್ಳು. ಚಾ ಬಂತು, ಚೂಡಾ ಬಂತು. ಸಂಜೀವ ಸರ್ ಪಗಾರದ್ದು ಮಾತಾಡಿದ್ರು, ಪರೀಕ್ಷೆದ್ದು ಮಾತಾಡಿದ್ರು. ಬಡ್ತಿದು ಮಾತು ಬಾಯಿತನಕ ಬರತಿತ್ತು, ತಾಟಿನ ಕಡಿ ನೋಡಿ ವಾಪಸ್ ಹೋಗತಿತ್ತು. ಗಂಡ ಇಲ್ಲದಾಕಿ ಮಣಿಗಿ ಮೈ ಹಚ್ಚಿ ಕುಂತಾಗ ಉಡಿ ತುಂಬಾಕ ಅವ್ರ ಶಾಸ್ತ್ರ ಒಪ್ಪಂಗಿಲ್ಲ, ತುಂಬದ ಹ್ಯಾಂಗ ಕೇಳ್ತಾರ? ಕಡೀಗಿ ರುಮಾಲ ಮುಚ್ಚಿದ ತಾಟು ಹಂಗೇ ಎತ್ತಕೊಂಡು ಎದ್ರು. ಅವ್ರು ಓಣಿ ದಾಟಿದ ಮ್ಯಾಲೇ ನಾ ಎದ್ದೆ. ಬಸ್ಸಿನಾಗ ನಾನೊಬ್ಬಾಕಿ ನಗಾಕತ್ತಿದ್ದೆ. ಬಾಜೂಕ ಕುಂತ ಹೆಣ್ಣಮಗಳು ಜರಾ ಸರದು ಕುಂತ್ಳು. ಗಂಡ ಸತ್ತ ಮ್ಯಾಲ ಮೊದಲನೇ ಸಲ ನನ್ನ ಬರಿ ಹಣಿ ಒಂದು ಕೆಲಸಕ್ಕ ಬಂತು ಅಂತ ನನಗ ಅಷ್ಟು ಸಮಾಧಾನ ಆಗಿತ್ತು. ಎಂಥಾ ಹುಚ್ಚಿ ನಾ!

ಶನಿವಾರ ಮಹಾನಂದಾ ರಜಾ ಹಾಕಿದ್ಳು, ಸೋಮವಾರ ಟಂಟಂಗಿ ಬರಲಿಲ್ಲ. ಗಂಡನ ಗಾಡಿ ಮ್ಯಾಲ ಸಾಲಿಗಿ ಬಂದ್ಳು. ಪ್ರಾರ್ಥನಾ ಮುಗದ ಮ್ಯಾಲ ನನ್ನ ರೂಮಿಗಿ ಬಂದು ಟೇಬಲ್ ಮ್ಯಾಲ ಒಂದು ಹಾಳಿ ಇಟ್ಳು. ಬಡ್ತಿ ಬೇಡ.

“ಯಾಕವ್ವ? ಅವ್ರು ಕೇಳೇ ಇಲ್ಲಲ್ಲ?”

ಅಕಿ ತಲಿ ತೆಳಗ ಹಾಕಿದ್ಳು. “ಬಂದ ಉಡಿ ತುಂಬದ ಹೋತಂತ್ರಿ ಮೇಡಂ. ಅತ್ತಿಯವ್ರು ಎರಡು ದಿವಸದಿಂದ ಊಟ ಬಿಟ್ಟಾರ. ಮೊದಲಿಗೇ ಅಪಶಕುನ ಆತು, ಈ ಬಡ್ತಿ ಹಿಡದ್ರ ಮನಿ ಯಜಮಾನಗ ಕೇಡದ ಅಂತಾರ.”

“ಅದೆಲ್ಲಾ ನೀ ನಂಬ್ತಿಯೇನು? ಗಣಿತ ಕಲ್ತಾಕಿ?”

“ನಾ ನಂಬಂಗಿಲ್ರಿ. ಅತ್ತಿಯವ್ರು ನಿಮ್ಮ ಹೆಸರು ತೊಗೊಂಡ್ರು. ನಿಮ್ಮ ಹೆಡ್ ಮೇಡಮ್ಮನ್ನ ನೋಡು, ಬಡ್ತಿ ಹಿಡದ್ಳು, ಗಂಡ ಎಲ್ಲಿದ್ದಾನ ಅಂದ್ರು. ನಮ್ಮ ಮನಿಯವ್ರೂ ಅದನ್ನ ಕೇಳಿ ಸುಮ್ಮ ಕುಂತ್ರಿ.”

ನನಗ ಒದರಬೇಕು ಅನಿಸ್ತು. ಅವ್ರು ಸತ್ತ ಮ್ಯಾಲ ನಾ ಹೆಡ್ ಆದಾಕಿ! ಅವ್ರ ಸಲುವಾಗಿ ಒಂದು ಬಡ್ತಿ ಬಿಟ್ಟಾಕಿ! ಯಾವುದು ಮೊದಲು ಆತು, ಯಾವುದು ಆಮ್ಯಾಲ ಆತು ಅಂತರೆ ನೋಡಬೇಕಲ್ಲ ಮನುಷ್ಯಾರು! ಯಾರ ಮುಂದ ಒದರಲಿ? ನನ್ನ ಮುಂದ ನಿಂತಾಕಿಗಿ ಅದೆಲ್ಲಾ ಗೊತ್ತು. ಗೊತ್ತಿಲ್ಲದಾಕಿ ಊಟ ಬಿಟ್ಟು ಮನಿಯಾಗ ಕುಂತಾಳ. ಆ ಪಡಸಾಲ್ಯಾಗ ನಾ ಹೋಗಿ ಕುಂದರದಿದ್ರ, ಉಡಿ ತುಂಬಿ ಕೇಳಿದ್ರ, ಅಕಿ ಬಾಯಿಬಿಟ್ಟು ಒಲ್ಲೆ ಅಂತಿದ್ಳೋ ಏನೋ. ಆ ದಾರೀನೂ ನಾನೇ ಮುಚ್ಚಿದೆ.

ಹಾಳಿ ತೊಗೊಂಡು ಓದಿದೆ. ಅದರಾಗ ಒಂದು ಶಬ್ದ ಬಿಟ್ಟುಹೋಗಿತ್ತು. ‘ಸ್ವಇಚ್ಛೆಯಿಂದ’ ಅಂತ ಬರೀಲಿಲ್ಲಂದ್ರ ಆಫೀಸಿನವ್ರು ಬಡ್ತಿ ಬಿಟ್ಟ ಪತ್ರ ತೊಗೊಳ್ಳಂಗಿಲ್ಲ. ಒತ್ತಾಯ ಮಾಡಿದ್ರು ಅಂತ ನಾಳಿ ಯಾರೂ ಅನ್ನಬಾರದಲ್ಲ, ಅದಕ್ಕ. ನಾ ಹೇಳಲಿಲ್ಲ. ಪತ್ರ ವಾಪಸ್ ಬರೂದ್ರಾಗ, ಬಡ್ತಿ ಆದೋರನ್ನ ಕರದು ಸಾಲಿ ಆರಿಸಾಕ ಹೇಳೂ ಕೌನ್ಸೆಲಿಂಗ್ ದಿವಸ ಬಂದ್ರ ಅಕಿ ಹೆಸರು ಕರೀತಾರ, ಕರದಾಗ ಅಕಿಗಿ ಒಂದು ಗಳಿಗಿ ಧೈರ್ಯ ಬಂದ್ರ ಸಾಕು ಅಂತ ಆಸಿ. ಹೆಡ್ ಆದೋರು ಹಸಿರು ಇಂಕಿನಾಗ ಸಹಿ ಮಾಡಬಹುದು. ಆ ಪೆನ್ನು ತೊಗೊಂಡಾಗ ನಾ ಎಷ್ಟು ಹಿಗ್ಗಿದ್ದೆ. ಅದರಲ್ಲೇ ಸಹಿ ಮಾಡಿ ಕಳಿಸಿದೆ.

ಮೂರು ದಿವಸಕ್ಕ ಪತ್ರ ವಾಪಸ್ ಬಂತು. ಕೌನ್ಸೆಲಿಂಗ್ ಇನ್ನಾ ದೂರ ಇತ್ತು. ಆಫೀಸಿನವ್ರು ಅಕಿಗೇ ಫೋನ್ ಹಚ್ಚಿ ಹೇಳಿದ್ರಂತ. ಅವತ್ತು ಅತ್ತಿ ಅಕಿ ಸಂಗಟಲೇ ಬಂದಿದ್ಳು, ಟಂಟಂ ಬಾಡಿಗಿ ಮಾಡಿಕೊಂಡು. ಗೇಟಿನ ಹೊರಗ ಕುಂತಿದ್ದು ನನ್ನ ಕಿಟಕಿಗಿ ಕಾಣತಿತ್ತು.

“ಬಿಸಲಾಗ ಯಾಕ ಕುಂದ್ರಿಸೀದಿ? ಒಳಗ ಕರಿ, ನಾ ಮಾತಾಡ್ತೀನಿ,” ಅಂದೆ.

“ಒಲ್ಲೆ ಅಂದ್ರು ಮೇಡಂ.”

“ಯಾಕ?”

ಅಕಿ ನನ್ನ ಹಣಿ ಕಡಿ ನೋಡಿದ್ಳು. ಯಾಕಂತ ಕೇಳಿದ್ದೇ ನನ್ನ ತಪ್ಪು.

ಅಕಿ ನಿಂತಕೊಂಡೇ ಪತ್ರ ಬಿಚ್ಚಿ ಟೇಬಲ್ ಮ್ಯಾಲ ಹಾಸಿದ್ಳು. ಸಾಲಿನ ನಡು ಒಂದು ಸಣ್ಣ ಗುರುತು ಹಾಕಿ, ಪೆನ್ನು ಹಿಡದು ನಿಂತ್ಳು. “ಸ್ವಇಚ್ಛೆಯಿಂದ ಅಂತ ಹಾಕಬೇಕಂತ್ರಿ. ನೀವು ಕನ್ನಡದವ್ರು, ಹೇಳ್ರಿ ಮೇಡಂ. ಇದನ್ನ ಕೂಡಿಸಿ ಬರೀಬೇಕೋ, ಬಿಡಿಸಿ ಬರೀಬೇಕೋ?”

ಗುಣಸಂಧಿ. ಎಷ್ಟು ವರ್ಷ ಬೋರ್ಡಿನ ಮ್ಯಾಲ ಬರದೀನಿ, ಎಷ್ಟು ಹುಡುಗ್ಯಾರ ಕೈಲೆ ಬಾಯಿಪಾಠ ಹೇಳಿಸೀನಿ.

“ಕೂಡಿಸಿದ್ರ ಸ್ವೇಚ್ಛೆ ಆಗ್ತದವ್ವ,” ಅಂದೆ. ನನ್ನ ದನಿ ನನಗೇ ಕೇಳಸ್ಲಿಲ್ಲ. “ಹೆಣ್ಣಮಕ್ಕಳಿಗಿ ಅದು ಬೈಗಳ. ಆಫೀಸಿನಾಗ ನಡ್ಯಂಗಿಲ್ಲ. ಬಿಡಿಸೇ ಬರಿ.”

ಹೊರಗ ಟಂಟಂ ಹಾರ್ನ್ ಹೊಡೀತು. ಅಕಿ ‘ಸ್ವ’ ಒಂದು ಕಡಿ ಬರದ್ಳು, ಜರಾ ಜಾಗ ಬಿಟ್ಟು ‘ಇಚ್ಛೆಯಿಂದ’ ಒಂದು ಕಡಿ ಬರದ್ಳು. ಅದರ ತೆಳಗ ನಾ ‘ಶಿಫಾರಸು ಮಾಡಿದೆ’ ಅಂತ ಬರದು ಸಹಿ ಮಾಡಿದೆ.